ಗಾಜಿನ ಕೊಳವೆಯ ನಿಧಾನಕ್ಕ

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಬಣ್ಣದ ಕಾರ್ಖಾನೆಯ ಹಿತ್ತಲಲ್ಲಿ ಬೆಳಗಿನ ಮಂಜು ಇನ್ನೂ ತ್ಯಾಜ್ಯದ ಡ್ರಮ್ಮುಗಳನ್ನು ಬಿಟ್ಟು ಎದ್ದಿರಲಿಲ್ಲ. ರಾಜ್ಯದ ಮಾಲಿನ್ಯ ಇಲಾಖೆಯ ಅಧಿಕಾರಿ, ಮನೆಯಲ್ಲೂ ಕಚೇರಿಯಲ್ಲೂ ನಿಧಾನಕ್ಕ ಎಂದೇ ಹೆಸರಾದವಳು, ಪರೀಕ್ಷೆಗೆ ಮಾದರಿ ತೆಗೆಯಲು ಉದ್ದನೆಯ ಗಾಜಿನ ಕೊಳವೆಯನ್ನು ಒಂದು ಡ್ರಮ್ಮಿನೊಳಗೆ ಇಳಿಸುತ್ತಿದ್ದಳು.

"ನೀನು ಹಾಲು ಬೆರೆಸೋ ಹೊತ್ತಿಗೆ ಕಾಫಿ ಆರಿರುತ್ತೆ ಕಣೇ" ಎಂದು ಅತ್ತೆ ರೇಗಿಸುತ್ತಿದ್ದರು. ಆದರೆ ಈ ಕೆಲಸಕ್ಕೆ ಆ ನಿಧಾನವೇ ಬೇಕು. ಕೊಳವೆಯ ಒಳಗೂ ಹೊರಗೂ ದ್ರವದ ಮಟ್ಟ ಒಂದೇ ಇರಬೇಕು. ಅವಸರಪಟ್ಟರೆ ತಳದ ಗಸಿಯೇ ನುಗ್ಗಿ ಬಂದು, ಬಣ್ಣದಲ್ಲಿನ ವಿಷ, ಸೀಸ, ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಡ್ರಮ್ಮುಗಳಲ್ಲಿದ್ದುದನ್ನು ಊರಿನ ಮಾಮೂಲಿ ಕಸದ ಗುಂಡಿಗೆ ಸುರಿಯಲು ಕಾರ್ಖಾನೆ ಅನುಮತಿ ಕೇಳಿತ್ತು. ಗುಂಡಿಯ ಇಳಿಜಾರಿನಲ್ಲೇ ಅವಳ ತಂಗಿಯ ಬೀದಿ. ಇಡೀ ಬೀದಿಗೆ ಒಂದೇ ಬಾವಿ. ಈ ಸಂಬಂಧವನ್ನು ಅವಳು ಮೊದಲೇ ಮೇಲಿನವರಿಗೆ ತಿಳಿಸಿದ್ದರಿಂದ ಕೇಂದ್ರದ ಅಧಿಕಾರಿಯೊಬ್ಬ ಸಾಕ್ಷಿಯಾಗಿ ಬಂದಿದ್ದ. ಕೇಂದ್ರದ ಕಣ್ಣಿಗೆ ಸೀಸ ಲೀಟರಿಗೆ ಐದು ಮಿಲಿಗ್ರಾಂ ದಾಟಿದರೆ ಮಾತ್ರ ಅಪಾಯ. ರಾಜ್ಯಕ್ಕೆ ಮೂರು ದಾಟಿದರೂ ಸಾಕು, ಗುಂಡಿಗೆ ಬಿಡುವಂತಿಲ್ಲ. ರಾಜ್ಯ ಕೇಂದ್ರಕ್ಕಿಂತ ಬಿಗಿಯಾಗಬಹುದು, ಸಡಿಲವಾಗುವಂತಿಲ್ಲ. ಆದರೂ ಕಾರ್ಖಾನೆ ಕೇಂದ್ರದ ಮುಂದೆ ಬಾಲ ಮುದುರುತ್ತಿತ್ತು, ರಾಜ್ಯದ ಜೊತೆ ಜಗ್ಗಾಡುತ್ತಿತ್ತು.

"ಸರ್ರನೆ ಇಳಿಸಿಬಿಡಿ ಅಕ್ಕ," ಎಂದ ಕೇಂದ್ರದ ಅಧಿಕಾರಿ ಮೆಲ್ಲಗೆ. "ಐದು ದಾಟಿದ್ರೆ ನಾನೂ ಕೈ ಹಾಕಬಹುದು. ನೀವೊಬ್ಬರೇ ಹೆಣಗೋದು ತಪ್ಪುತ್ತೆ. ಬಾವಿ ಉಳಿಯುತ್ತೆ."

"ವಿಚಾರಣೇಲಿ ಇನ್ನೊಂದು ಸಲ ತೆಗೆದು ತೋರಿಸಿ ಅಂದ್ರೆ? ಬಾವಿಯೂ ಹೋಯ್ತು, ನಾನೂ ಹೋದೆ. ಸುಮ್ನೆ ನಿಂತ್ಕೊಳ್ಳಪ್ಪ."

ಗಾಜಿನೊಳಗೆ ಬಣ್ಣಗಳು ಪದರ ಪದರವಾಗಿ ಏರಿದವು: ಮೇಲೆ ತೆಳು ಹಳದಿ, ನಡುವೆ ಹಸಿರು, ಅಡಿಯಲ್ಲಿ ಬೂದು. ಓಡುವ ಬಸ್ಸಿನ ಕಿಟಕಿಯಲ್ಲಿ ಕಂಡ ಸಂಜೆಯ ಹಾಗೆ. ಯಂತ್ರಗಳ ಸದ್ದು ದೂರ ಸರಿಯಿತು. ಕೊಳವೆಯ ಜೊತೆ ತಾನೂ ಇಳಿಯುತ್ತಿದ್ದೇನೆ, ಎಲ್ಲೋ ತಂಪಾದ ಕತ್ತಲಲ್ಲಿ ತಂಗಿಯ ಕೊಡ ನೀರನ್ನು ಮುಟ್ಟುತ್ತಿದೆ ಎಂದು ಅವಳಿಗೆ ಅನ್ನಿಸಿತು. ಕೈ ಮಾತ್ರ ಒಂದಿಷ್ಟೂ ಚುರುಕಾಗಲಿಲ್ಲ.

ವಿಚಾರಣೆಯ ದಿನ ಕಾರ್ಖಾನೆಯ ವಕೀಲ ನಕ್ಕ. "ತಂಗಿ ಬೀದಿ ಅಂತ ಗಸಿಯನ್ನ ಸ್ವಲ್ಪ ಧಾರಾಳವಾಗಿ ತುಂಬಿಸಿದ್ರಾ ಮೇಡಂ?"

"ಧಾರಾಳಾನಾ?" ಕೇಂದ್ರದ ಅಧಿಕಾರಿ ಎದ್ದು ನಿಂತ. "ಇವರು ಇಳಿಸಿ ಮುಗಿಸೋ ಹೊತ್ತಿಗೆ ನಾನು ನಿಂತಲ್ಲೇ ಬೇರು ಬಿಟ್ಟಿದ್ದೆ ಸ್ವಾಮಿ!"

ಕೋಣೆಯಲ್ಲಿ ನಗು ಎದ್ದಿತು. ವಕೀಲ ಕೂತ. ವಿಚಾರಣಾಧಿಕಾರಿ ಕನ್ನಡಕ ಸರಿಮಾಡಿಕೊಂಡು, ಸೀಸ ಎಷ್ಟು ಬಂತೆಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ತಂಗಿ ಮುಂದಕ್ಕೆ ಬಾಗಿದಳು. ಕೇಂದ್ರ ಹಾಗೇ ಬಿಟ್ಟುಬಿಡುವ, ರಾಜ್ಯವೊಂದೇ ತಡೆಯಬಲ್ಲ ಆ ಅಂಕಿಯನ್ನು ನಿಧಾನಕ್ಕ ಬಿಡಿಸಿ ಬಿಡಿಸಿ ಹೇಳಿದಳು:

"ಲೀಟರಿಗೆ ಮೂರೂವರೆ ಮಿಲಿಗ್ರಾಂ."