ಧಾರವಾಡಕ್ಕೆ ಒಯ್ದ ಎರಡು ಸೇರು ಬೀಜ

ಬೀರೂರಿನಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಹುರಿದು ಬೀಸಿದ ಕಾಫಿ ಪುಡಿ, ಇನ್ನೊಂದರಲ್ಲಿ ಎರಡು ಸೇರು ಹಸಿ ಅರೇಬಿಕಾ ಬೀಜ. ಧಾರವಾಡಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕ ಗಿರಿಜಕ್ಕ ಕಾಗದ ಬರೆದು ಕೇಳಿದ್ದು ಬೀಜವನ್ನು ಮಾತ್ರ. ಜ್ವರ ಬಿಟ್ಟು ತಿಂಗಳಾಯಿತು, ಬಾಯಿಗೆ ಏನೂ ಸೇರುವುದಿಲ್ಲ, ಅಪ್ಪನ ಕಾಫಿ ಒಂದು ಲೋಟ ಕುಡಿದರೆ ಊಟ ಹೋದೀತು ಅನ್ನಿಸುತ್ತದೆ ಎಂದು ಬರೆದಿದ್ದಳು. ಚಿಕ್ಕಮಗಳೂರಿನಲ್ಲಿ ಅಪ್ಪ ಇಟ್ಟ ಕಾಫಿ ಅಂಗಡಿ ಅವನು ತೀರಿಕೊಂಡ ಮೇಲೆ ನನ್ನದು. ಅಪ್ಪ ಕಲಿಸಿದ ಹಾಗೆಯೇ ಹುರಿಯುವ ಮಗ ನಾನಿರುವಾಗ ಹಸಿ ಬೀಜ ಯಾಕೆ ಎಂದುಕೊಂಡು ಪುಡಿಯನ್ನೂ ಕಟ್ಟಿದೆ.

ಹೊರಡುವಾಗ ಅವ್ವ ಎರಡು ಗಂಟನ್ನೂ ನೋಡಿ, "ಬೀಜ ಸಾಕಾಗಿತ್ತು ಕಣೋ, ಪುಡಿ ಯಾಕೆ?" ಎಂದಳು. ಅವ್ವನಿಗೆ ಕಾಫಿಯೆಂದರೆ ಪಿತ್ತ. ನನಗೆ ಬುದ್ಧಿ ಬಂದಾಗಿನಿಂದ ಅವಳು ಕಾಫಿ ಮುಟ್ಟಿದ್ದನ್ನು ನೋಡಿಲ್ಲ. ಕುಡಿಯದವರ ಸಲಹೆಯನ್ನು ಕಾಫಿ ಅಂಗಡಿಯವನು ಕೇಳುವುದುಂಟೆ?

ಮೂರನೆಯ ದರ್ಜೆಯ ಡಬ್ಬಿ, ಮಾಘ ಮಾಸದ ಚಳಿ. ಹರಿಹರದ ಸೇತುವೆ ದಾಟುವವರೆಗೆ ನಿಲ್ದಾಣಗಳಲ್ಲಿ ಕಾಫಿ ಕೂಗುತ್ತಿದ್ದರು; ಹೊಳೆ ದಾಟಿದ ಮೇಲೆ ಆ ಕೂಗು ನಿಂತು "ಚಾ, ಚಾ" ಶುರುವಾಯಿತು. ರಾಣೆಬೆನ್ನೂರಿನಲ್ಲಿ ಹತ್ತಿ ವ್ಯಾಪಾರಿಯೊಬ್ಬ ಬಂದು ಎದುರು ಕೂತ. ಕೂತವನು ಮೂಗೇರಿಸಿ ಅತ್ತಿತ್ತ ನೋಡಿ, "ಏನೋ ಸುಟ್ಟ ವಾಸನಿ ಬರಾಕತ್ತೇತಿ ನೋಡ್ರಿ. ನಿಮ್ಮ ಗಂಟಿಗೆ ಎಂಜಿನ್ನಿನ ಕಿಡಿ ಬಿದ್ದೈತೇನು?" ಎಂದ. ಅದು ಕಾಫಿ ಪುಡಿ ಎಂದೆ. "ಹೌದೇನ್ರಿ?" ಎಂದವನು ನಂಬಿದ ಹಾಗೆ ಕಾಣಲಿಲ್ಲ. ಹಾವೇರಿಯವರೆಗೂ ಗಂಟಿನ ಮೇಲೆ ಒಂದು ಕಣ್ಣಿಟ್ಟೇ ಇದ್ದ. ಈ ಚಹಾದ ಸೀಮೆಯವರಿಗೆ ಕಾಫಿಯ ಗಂಧವೇನು ಗೊತ್ತು ಎಂದು ನಾನು ರೊಟ್ಟಿಯ ಬುತ್ತಿ ಬಿಚ್ಚಿದೆ.

ಕಿಟಕಿಯ ಹೊರಗೆ ಕಪ್ಪು ನೆಲ, ಬಿಳಿ ಹತ್ತಿ, ಮತ್ತೆ ಕಪ್ಪು ನೆಲ. ಹುಬ್ಬಳ್ಳಿಯಲ್ಲಿ ಇಳಿದು ಗಾಡಿ ಬದಲಿಸಿ ಧಾರವಾಡ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಭಾವ ವೀರಪ್ಪನವರು ನಿಲ್ದಾಣಕ್ಕೆ ಟಾಂಗಾ ತಂದಿದ್ದರು. ಅವರದು ಪೇಟೆಯಲ್ಲಿ ಜೋಳದ ಅಡತಿ ವ್ಯಾಪಾರ. ಹೆಬ್ಬಳ್ಳಿ ಕಡೆಯ ರೈತರೊಂದಿಗೆ ಕೂಗಿ ಕೂಗಿ ದನಿ ದೊಡ್ಡದಾಗಿದೆ, ಆದರೆ ಅಂದು ಮೆತ್ತಗೆ ಮಾತಾಡಿದರು. "ನಿಮ್ಮ ಅಕ್ಕ ದಿನಕ್ಕ ಅರ್ಧ ರೊಟ್ಟಿ ತಿಂದ್ರ ಹೆಚ್ಚು. ಡಾಕ್ಟರ್ ಔಷಧ ಮುಗೀತು ಅಂತಾರ, ಇನ್ನ ಉಣ್ಣಬೇಕು ಅಂತಾರ. ಉಣ್ಣವಲ್ಲಳು. ನಿನ್ನ ದಾರಿ ಕಾಯಾಕತ್ತಾಳ ನೋಡು."

ಅಕ್ಕನ ಕೈಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ನನಗೆ ನಾಲ್ಕು ವರ್ಷವಿದ್ದಾಗ ಮದುವೆಯಾಗಿ ಹೋದವಳು ಅವಳು. ಆಮೇಲೆ ಒಂದೇ ಸಲ, ಚೊಚ್ಚಲ ಬಾಣಂತನಕ್ಕೆ, ತವರಿಗೆ ಬಂದು ಉಳಿದಿದ್ದಳು. "ಬಂದ್ಯಾ ತಮ್ಮಾ" ಎಂದು ನನ್ನ ಕೆನ್ನೆ ಸವರಿದಳು. ಅವಳ ಮಾತು ಪೂರ್ತಿ ಧಾರವಾಡದ್ದಾಗಿತ್ತು. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ನಾನೇ ಒಲೆಯ ಮುಂದೆ ಕೂತು ಡಿಕಾಕ್ಷನ್ ಇಳಿಸಿದೆ. ಕಪ್ಪಗೆ, ದಪ್ಪಗೆ, ನಮ್ಮ ಅಂಗಡಿಯ ಹೆಸರು ಉಳಿಸುವಂತಿತ್ತು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಲೋಟ ಕೆಳಗಿಟ್ಟಳು.

"ಛಲೋ ಐತಿ. ಆದ್ರ ಇದು ಅಪ್ಪನ ಕಾಫಿ ಅಲ್ಲ."

ಅದೇ ತೋಟದ ಬೀಜ, ಅದೇ ಹುರಿಯುವ ಉರುಳೆ, ಅದೇ ಹುರಿ. ಬೀಜ ಮೊದಲ ಸಲ ಪಟಪಟ ಸಿಡಿಯುತ್ತದೆ, ಆಗ ಇಳಿಸಬೇಡ. ಎರಡನೆಯ ಸಲ ಸಣ್ಣಗೆ ಚಿಟಚಿಟ ಎನ್ನುತ್ತದೆ, ಆಮೇಲೆ ಮೈಮೇಲೆ ಎಣ್ಣೆ ಮಿರುಗಿದಾಗ ಇಳಿಸು. ಅಪ್ಪ ನನ್ನ ಕೈ ಹಿಡಿದು ಕಲಿಸಿದ್ದು ಹೀಗೆ. ನಾನು ತಪ್ಪಿಲ್ಲ. ಹಾಗಾದರೆ ನೀರು ತಪ್ಪಿರಬೇಕು. ಸಿಹಿನೀರೆಂದು ಯಾರೋ ಹೇಳಿದ್ದಕ್ಕೆ ಕೆಲಗೇರಿ ಕೆರೆಯಿಂದ ಒಂದು ಕೊಡ ತರಿಸಿದೆ. ರುಚಿ ಬದಲಾಗಲಿಲ್ಲ. ಎಮ್ಮೆಯ ಹಾಲು ಬಿಟ್ಟು ಆಕಳ ಹಾಲು ಹಾಕಿದೆ. ಸಕ್ಕರೆ ತೆಗೆದು ಬೆಲ್ಲ ಹಾಕಿದೆ. ಕುಣಿಯಲಾರದವಳು ಅಂಗಳ ಡೊಂಕು ಅಂದ ಹಾಗೆ ಕೊನೆಗೆ ಲೋಟವನ್ನೂ ಬದಲಿಸಿದೆ. ಪ್ರತಿ ಸಲವೂ ಅಕ್ಕ ಎರಡು ಗುಟುಕು ಕುಡಿದು, ನನ್ನ ಮುಖ ನೋಡಿ, ತಪ್ಪು ತನ್ನದೇ ಎಂಬಂತೆ ಲೋಟ ಕೆಳಗಿಡುತ್ತಿದ್ದಳು.

ದಾರಿಯಲ್ಲಿ ಪುಡಿಯ ಘಾಟು ಹೋಗಿರಬೇಕೆಂದು ಮಧ್ಯಾಹ್ನ ಹಸಿ ಬೀಜದ ಗಂಟು ಬಿಚ್ಚಿದೆ. ಬಾಣಲೆಯಲ್ಲಿ ಹಾಕಿ, ಇನ್ನೂ ಕಡುವಾಗಿ, ಎಣ್ಣೆ ಸುರಿಯುವ ಹಾಗೆ ಹುರಿದೆ. ಮನೆ ತುಂಬ ಹೊಗೆ. ಭಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಚನ್ನಬಸಪ್ಪಾ, ಇದನ್ನ ಕುಡಿಯೂದಕ್ಕಿಂತ ಇದ್ದಲಿ ಅಗಿಯೂದು ಛಲೋ ಅಲ್ಲೇನು?" ಅಕ್ಕ ಮೂಸಿ ನೋಡಿ ಮುಟ್ಟಲೇ ಇಲ್ಲ.

ಸಂಜೆ ಪಡಸಾಲೆಯಲ್ಲಿ ಕೂತು ಭಾವನಿಗೆ ನನ್ನ ತೀರ್ಮಾನ ಹೇಳಿದೆ. "ಕಾಫಿಯಲ್ಲಿ ದೋಷವಿಲ್ಲ ಭಾವ. ಜ್ವರದಲ್ಲಿ ಅಕ್ಕನ ನಾಲಗೆಯೇ ಕೆಟ್ಟಿದೆ." ಒಳಗಿನಿಂದ ಅಕ್ಕನಿಗೆ ಕೇಳಿಸಿತು. ಬಾಗಿಲಿಗೆ ಬಂದು ನಿಂತಳು.

"ಖರೇನ ನನ್ನ ನಾಲಿಗಿ ಸತ್ತೈತೇನೋ ತಮ್ಮಾ? ಇನ್ನ ಮ್ಯಾಲೆ ಯಾವ ರುಚೀನೂ ತಿಳಿಯಂಗಿಲ್ಲೇನು?"

ಆ ರಾತ್ರಿ ಅವಳು ಅರ್ಧ ರೊಟ್ಟಿಯನ್ನೂ ತಿನ್ನಲಿಲ್ಲ. ಕಾಫಿ ಬೇಡಿದವಳಿಗೆ ನಾನು ಇಷ್ಟು ದೂರ ಬಂದು ಹೆದರಿಕೆ ಕೊಟ್ಟೆ. ನನ್ನ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ನಡು ಹುರಿಯಲ್ಲಿ ಇಳಿಸಿ ನೋಡಿದೆ. ಬಾಣಲೆಯ ಬೆಂಕಿ ಒಂದೇ ಸಮ ಇರಲಿಲ್ಲ. ಕೆಲವು ಬೀಜ ಕಪ್ಪು, ಕೆಲವು ಬೆಲ್ಲದ ಬಣ್ಣ, ಕೆಲವು ಇನ್ನೂ ಹಳದಿ. ಅಕ್ಕ ಅಂಜುತ್ತ ಕುಡಿದಳು. ಹುಬ್ಬು ಮೇಲೇರಿತು. "ಏನೋ ಒಂದ್ ಬಂತು, ಹೋತು. ಮತ್ತ ಕಹಿ" ಎಂದಳು. ನಾನು ಕುಡಿದೆ. ಒಮ್ಮೆ ಬೆಲ್ಲದ ಪಾಕದಂಥ ಸಿಹಿ, ಒಮ್ಮೆ ಹುಳಿ, ಒಮ್ಮೆ ಹೊಗೆ. ಒಂದೇ ಗಿಡದ ಬೀಜ ಬೆಂಕಿಯ ಮೇಲೆ ಎರಡು ನಿಮಿಷ ಹೆಚ್ಚು ಕಡಿಮೆ ಇದ್ದದ್ದಕ್ಕೆ ಇಷ್ಟು ಬೇರೆಯಾಗುತ್ತದೆಯೇ? ಅಂಗಡಿ ನಡೆಸಿ ವರ್ಷಗಳಾದರೂ ಒಂದೇ ಹುರಿ ಬಲ್ಲ ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಭಾವನೇ ದಾರಿ ತೋರಿಸಿದರು. "ಹುಬ್ಬಳ್ಳ್ಯಾಗ ಇಮಾಮಸಾಬಂದು ಚುರುಮುರಿ ಭಟ್ಟಿ ಐತಿ. ಉಸುಕಿನಾಗ ಹುರೀತಾನ. ಒಂದ್ ಕಾಳು ಕರಗಾಗೂದಿಲ್ಲ, ಒಂದ್ ಕಾಳು ಹಸಿ ಉಳಿಯೂದಿಲ್ಲ. ಲಗೂ ಹೋಗಿ ಬಾ."

ಹುಬ್ಬಳ್ಳಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಬಿಸಿಲು ಏರಿತ್ತು. ಭಟ್ಟಿ ಒಂದು ಉದ್ದನೆಯ ಹೆಂಚಿನ ಮನೆ. ಕೆಳಗೆ ಹೊಟ್ಟಿನ ಬೆಂಕಿ, ಮೇಲೆ ಅಗಲವಾದ ಕಬ್ಬಿಣದ ಬಾಣಲೆ, ಅದರ ತುಂಬ ಕಾದ ಉಸುಕು. ಇಮಾಮಸಾಬ ಅಕ್ಕಿ ಸುರಿಯುತ್ತಿದ್ದ, ಅದು ಅರಳುತ್ತಿತ್ತು, ಮರುಕ್ಷಣ ಜರಡಿಯಲ್ಲಿತ್ತು. ಬಿಳಿ ಗಡ್ಡದ ಮುದುಕ. ನನ್ನ ಗಂಟಿನಿಂದ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದ.

"ಇದ್ಯಾವ ಕಡ್ಲಿ ರೀ ಸಾಹುಕಾರ?"

ಕಾಫಿ ಬೀಜ ಎಂದು ಹೇಳಿ, ಉಳಿದಿದ್ದ ಒಂದು ಸೇರನ್ನು ಕೊಟ್ಟೆ. ನಾನು ಸಾಕು ಅನ್ನುವವರೆಗೆ ಇಳಿಸಬಾರದು, ಹದ ನೋಡಿ ನಾನು ಹೇಳುತ್ತೇನೆ ಎಂದೆ. ತಲೆಯಾಡಿಸಿದ. ಹೊಟ್ಟಿನ ಹೊಗೆಗೆ ಕಣ್ಣಲ್ಲಿ ನೀರು ಇಳಿದು ಕೆಮ್ಮು ಹತ್ತಿ ನಾನು ಬಾಗಿಲ ಹೊರಗೆ ಬಂದೆ. ಅಷ್ಟರಲ್ಲಿ ಒಳಗೆ ಪಟ ಪಟ ಪಟ ಎಂದು ಮೊದಲ ಸದ್ದು ಕೇಳಿಸಿತು. ಇನ್ನೂ ಸಮಯವಿದೆ ಎಂದು ಕಣ್ಣೊರೆಸಿಕೊಂಡು ಒಳಗೆ ಹೋದರೆ ಬೀಜ ಆಗಲೇ ಜರಡಿಯಲ್ಲಿ. ತಿಳಿ ಕಂದು ಬಣ್ಣ, ಒಣ ಮೈ, ಎಣ್ಣೆಯ ಹನಿಯೂ ಇಲ್ಲ.

"ಏನು ಮಾಡಿದೆಯಪ್ಪಾ! ಹೇಳುವವರೆಗೆ ಇಳಿಸಬೇಡ ಅಂದಿರಲಿಲ್ಲವೆ? ಇನ್ನೂ ಆಗಿಲ್ಲ ಇದು!"

"ಸದ್ದು ಬಂತಲ್ಲರಿ" ಎಂದ ಇಮಾಮಸಾಬ, ನನಗಿಂತ ಹೆಚ್ಚು ಗೊಂದಲಗೊಂಡು. "ನೀವು ಹೇಳಿದ್ದು ಖರೇ. ಆದ್ರ ಕಾಳು ಮಾತಾಡಿದ ಮ್ಯಾಲೆ ನನ್ನ ಕೈ ನಿಲ್ಲೂದಿಲ್ರಿ. ಐವತ್ತು ವರ್ಷದ ಕೈ ಇದು. ಸದ್ದು ಬಂದ ಮ್ಯಾಲೆ ಉಸುಕಿನಾಗ ಬಿಟ್ರ ಸುಡತೈತಿ, ಹುರಿಯೂದಿಲ್ಲ."

"ಮತ್ತೆ ಹಾಕು."

"ಆರಿದ ಕಾಳು ಮತ್ತ ಹಾಕಿದ್ರ ಕೆಡತೈತ್ರಿ. ಮನಿಯವರಿಗೆ ಕೊಟ್ಟ ನೋಡ್ರಿ. ಛಲೋ ಆಗದಿದ್ರ ಬಂದು ನನ್ನ ಬೈರಿ."

ಎರಡನೆಯ ಸಲ ಹಾಕಲು ಹಸಿ ಬೀಜ ಉಳಿದಿರಲಿಲ್ಲ. ಒಂದು ಕಾಳು ಅಗಿದು ನೋಡಿದೆ, ಗಟ್ಟಿ, ಹುಳಿ. ಧಾರವಾಡದ ಗಾಡಿಯಲ್ಲಿ ಕೂತು, ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಬಂದೆ. ದಾರಿಯಲ್ಲೇ ಗಂಟು ಎಸೆದುಬಿಡೋಣವೆಂದು ಎರಡು ಸಲ ಅನ್ನಿಸಿತು.

ಮನೆಯಲ್ಲಿ ಗಂಟನ್ನು ಮೂಲೆಗಿಟ್ಟು, ಕೆಲಸ ಕೆಟ್ಟಿತು ಎಂದು ಭಾವನಿಗೆ ಹೇಳುತ್ತಿದ್ದೆ. ಅಕ್ಕ ಎದ್ದು ಬಂದು ಗಂಟು ಬಿಚ್ಚಿದಳು. ಬಾಗಿ ಮೂಸಿದಳು. ಹಾಗೆಯೇ ಕೂತುಬಿಟ್ಟಳು.

"ಯಾರು ಹುರದ್ರಿದನ್ನ?"

ಕಾಫಿ ಎಂದೂ ಕಂಡಿರದ ಚುರುಮುರಿಯವನು ಎಂದೆ. "ಲಗೂ ಬೀಸು" ಎಂದಳು. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಬೀಸುವ ಯಂತ್ರದ ಹಿಡಿ ತಿರುಗಿಸಲು ಎರಡು ಕೈ ಬೇಕಾಯಿತು. ಕಡು ಹುರಿಯ ಬೀಜ ಪುಡಿಯಾಗುವಂತೆ ಇದು ಆಗುವುದಿಲ್ಲ. ಡಿಕಾಕ್ಷನ್ ಕೆಂಪಗೆ, ತೆಳ್ಳಗೆ ಇಳಿಯಿತು. ಅಕ್ಕ ಸ್ವಲ್ಪವೇ ಹಾಲು ಹಾಕಿಸಿಕೊಂಡು, ಕಣ್ಣು ಮುಚ್ಚಿ, ಲೋಟ ಪೂರ್ತಿ ಕುಡಿದಳು. ಮೂರು ದಿನದಲ್ಲಿ ಅವಳು ಪೂರ್ತಿ ಮುಗಿಸಿದ ಮೊದಲ ಲೋಟ ಅದು. ಆಮೇಲೆ ಭಾವನ ಕಡೆ ತಿರುಗಿ, "ಹಸಿವಾಗಾಕತ್ತೇತ್ರಿ" ಎಂದಳು. ಭಾವ ರೊಟ್ಟಿ ತರಲು ತಾವೇ ಅಡುಗೆಮನೆಗೆ ಓಡಿದರು.

ನಾನೂ ಕುಡಿದೆ. ತೆಳು, ನಿಂಬೆಯಂಥ ಹುಳಿ, ಹಿಂದೆ ಎಲ್ಲೋ ಕಾಫಿ ಹೂ ಬಿಟ್ಟ ದಿನದ ಕಂಪು. ಇದು ಕಾಫಿಯೇ ಎಂದು ನನಗೆ ಗೊತ್ತಾಗಲಿಲ್ಲ.

"ಇದಽ ಅಪ್ಪನ ಕಾಫಿ" ಎಂದಳು ಅಕ್ಕ. "ಮೊದಲನೇ ಸದ್ದಿಗೇ ಇಳಸ್ತಿದ್ದ. ಮೂಗು ಮುಂದ ಮಾಡಿ, ಹೂವಿನ ವಾಸನಿ ಬಂತು ಗಿರಿಜಾ, ಇಳಸು ಅಂತಿದ್ದ. ನೀ ಆಗ ತೊಟ್ಟಿಲದಾಗಿದ್ದಿ."

"ನನಗೆ ಎರಡನೆಯ ಸದ್ದು ಅಂತ ಕಲಿಸಿದ."

ಅಕ್ಕ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಆ ದೊಡ್ಡ ಜ್ವರ ಊರೆಲ್ಲಾ ಹಬ್ಬಿತ್ತಲ್ಲ, ಅಪ್ಪಾಗ ಬಂದಿತ್ತು. ಅದರ ಮರುವರ್ಷ ನಾ ಬಾಣಂತನಕ್ಕ ಬಂದೆ. ಒಂದ್ ಗುಟುಕು ಕುಡದೆ. ಬರೇ ಸುಟ್ಟದ್ದು. ಅಪ್ಪಾ ಇದೇನು ಅಂತ ಕೇಳಾಕ ಬಾಯಿ ತಗದೆ. ಹಿಂದ ನಿಂತಿದ್ದ ಅವ್ವ ಕಣ್ಣು ಮಾಡಿದ್ಲು. ಬ್ಯಾಡ ಅಂತ. ಜ್ವರದಾಗ ಅವನ ಮೂಗು ಹೋಗಿತ್ತು ತಮ್ಮಾ, ಯಾವ ವಾಸನೀನೂ ತಿಳೀತಿರಲಿಲ್ಲ."

ನನಗೆ ಹತ್ತು ಹನ್ನೊಂದು ವರ್ಷವಿದ್ದಾಗಿನ ಒಂದು ದಿನ ನೆನಪಾಯಿತು. ಹಾಲು ಸೀದು ಮನೆಯೆಲ್ಲ ನಾರುತ್ತಿತ್ತು. ಅಪ್ಪ ಒಲೆಯ ಪಕ್ಕದಲ್ಲೇ ಕೂತು ಲೆಕ್ಕಿಸದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವ್ವ ಹಿತ್ತಲಿಂದ ಓಡಿ ಬಂದು ಪಾತ್ರೆ ಇಳಿಸಿದಳು, ಅವನನ್ನು ಏನೂ ಅನ್ನಲಿಲ್ಲ. ನಾನು ಆಗ ಅಪ್ಪನದು ಎಂಥ ತಾಳ್ಮೆ ಎಂದುಕೊಂಡಿದ್ದೆ. ಮೂಗು ಕಳೆದುಕೊಂಡವನು ಕಣ್ಣಿಗೆ ಕಾಣುವ ಎಣ್ಣೆಯನ್ನು ಗುರುತಾಗಿ ಇಟ್ಟುಕೊಂಡಿದ್ದ. ಅದನ್ನೇ ನನಗೆ ವಿದ್ಯೆಯಾಗಿ ಕೊಟ್ಟ. ಊರಿನ ಜನ ಅದನ್ನೇ ಮೆಚ್ಚಿದರು. ಇವತ್ತಿಗೂ ಅದನ್ನೇ ಕೇಳಿ ಬರುತ್ತಾರೆ. ಹಾಗಾದರೆ ಅಪ್ಪನ ಕಾಫಿ ಯಾವುದು? ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಅಕ್ಕನ ನಾಲಗೆ ಕೆಟ್ಟಿದೆ ಎಂದವನು ನಾನು. ಅವಳ ಕಾಲು ಮುಟ್ಟಿದೆ.

ನಾಲ್ಕನೆಯ ದಿನ ಹೊರಟೆ. ಅಕ್ಕ ಹುರಿದ ಬೀಜದಲ್ಲಿ ಒಂದು ಪಾಲು ತೆಗೆದು ಬಟ್ಟೆಯಲ್ಲಿ ಕಟ್ಟಿ, "ಅವ್ವಗ ಕೊಡು" ಎಂದಳು. ಅವ್ವನಿಗೆ ಪಿತ್ತವಾಗುತ್ತದೆ ಎಂದರೂ ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುವ ಬಿಡುವಿನಲ್ಲಿ ಭಟ್ಟಿಗೆ ಹೋದೆ. ಇಮಾಮಸಾಬ ನನ್ನನ್ನು ಕಂಡು ಜರಡಿ ಬಿಟ್ಟು ಎದ್ದು ನಿಂತ. "ಬೈಯ್ಯಾಕ ಬಂದ್ರೇನ್ರಿ?" ಅಕ್ಕ ಉಂಡಳು ಎಂದು ಹೇಳಿದೆ. ಮುದುಕನ ಮುಖ ಅರಳಿತು. ನನ್ನ ಜೇಬಿಗೆ ಬಿಸಿ ಚುರುಮುರಿ ತುಂಬಿ ಕಳಿಸಿದ. ಅದನ್ನು ತಿನ್ನುತ್ತ ಹೊಳೆ ದಾಟಿದೆ.

ಮನೆ ಮುಟ್ಟಿದಾಗ ಅವ್ವ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅಕ್ಕ ಉಣ್ಣುತ್ತಿದ್ದಾಳೆ ಎಂದು ಹೇಳಿ ಗಂಟನ್ನು ಅವಳ ಮಡಿಲಿಗಿಟ್ಟೆ. ದಾರಿಯುದ್ದಕ್ಕೂ ಕೇಳಬೇಕೆಂದುಕೊಂಡ ಪ್ರಶ್ನೆಗಳೆಲ್ಲ ಬಾಯಲ್ಲಿದ್ದವು. ಅವ್ವ ಗಂಟನ್ನು ಬಿಚ್ಚಲೂ ಇಲ್ಲ, ಮುಖದ ಹತ್ತಿರ ತಂದಳು ಅಷ್ಟೆ.

"ಗಿರಿಜೆ ಹೇಳಿಬಿಟ್ಟಳೇನೋ?" ಎಂದಳು.

ಹೌದು ಎಂದೆ. ಅವ್ವ ಅಂಗಡಿಯ ಕಡೆಗೊಮ್ಮೆ, ಗೋಡೆಯ ಮೇಲಿನ ಅಪ್ಪನ ಪಟದ ಕಡೆಗೊಮ್ಮೆ ನೋಡಿದಳು. ಆಮೇಲೆ ಪಿತ್ತದ ಮಾತೇ ಎತ್ತದೆ ಕಾಫಿಗೆ ನೀರಿಡಲು ಹೇಳಿದಳು, "ಇಬ್ಬರಿಗೂ" ಎಂದಳು.