ಧಾಬಳಿಯ ವಾಷರ್

ಪಡಸಾಲೆಯಲ್ಲಿ ಭುಸ್ಸೆಂದು ಒಂದೇ ಸಮನೆ ಉರಿಯುವ ಪಂಪ್ ಸ್ಟವ್ವಿನ ಸದ್ದು. ಗೋಡೆಯಾಚೆ ಅಡುಗೆಮನೆಯಲ್ಲಿ ಊದುಗೊಳವೆಯ ಸದ್ದು, ನಡುನಡುವೆ ಅತ್ಯಾನ ಕೆಮ್ಮು. ನಲವತ್ತರ ದಶಕದ ನಮ್ಮ ಕೊಪ್ಪಳದ ಮನೆ ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ.

ಈಚೆಗೆ ಇಂಡಸ್ಟ್ರಿಯಲ್ ಡಿಸೈನ್ ಕಲಿಯಬೇಕೆನ್ನುವ ಹುಡುಗಿಯೊಬ್ಬಳು, ಬಹುಕಾಲ ಅದನ್ನೇ ಕಲಿಸಿದ ನನ್ನ ಬಳಿ ಬಂದು, ಏನೇನು ಓದಲಿ ಎಂದು ಕೇಳಿದಳು. ಅವಳ ಚೀಲದಲ್ಲಿ ಆಗಲೇ ನಾಲ್ಕಾರು ದಪ್ಪ ಪುಸ್ತಕಗಳಿದ್ದವು. ಕುರ್ಚಿ, ಕೆಟಲ್, ದೀಪ. ಎಲ್ಲ ಬ್ಯೂಟಿಫುಲ್, ಒಪ್ಪಿದೆ. ಆದರೆ ಒಂದು ಚಿತ್ರದಲ್ಲೂ ಕೆಟಲ್ ಹಿಡಿದ ಕೈಯಿಲ್ಲ. ನನಗೆ ಸಿಟ್ಟು ಬಂತು. ಇವನ್ನೆಲ್ಲ ಆಮೇಲೆ ಓದು, ಮೊದಲು ಸ್ಟವ್ವಿನ ಡಬ್ಬಿಯಲ್ಲಿ ಮಡಚಿಟ್ಟಿರುತ್ತಿದ್ದ ಇನ್‌ಸ್ಟ್ರಕ್ಷನ್ ಕಾಗದ ಓದು ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಅತ್ಯಾ ನನ್ನ ಅಪ್ಪನ ಅಕ್ಕ. ಎಳವೆಯಲ್ಲೇ ಗಂಡ ಹೋಗಿ ತವರಿಗೆ ಬಂದವಳು, ಅಡುಗೆಮನೆ ಹೊಕ್ಕವಳು ಮತ್ತೆ ಹೊರಗೆ ಬರಲೇ ಇಲ್ಲ. ಅಪ್ಪ ಸಿಕಂದರಾಬಾದಿನಲ್ಲಿ ನೌಕರಿಯಲ್ಲಿದ್ದರು, ನಾನು ಅಲ್ಲಿಯ ಕಾನ್ವೆಂಟಿನಲ್ಲಿ ಓದುತ್ತಿದ್ದೆ, ರಜೆ ಬಂದರೆ ಕೊಪ್ಪಳಕ್ಕೆ. ಮನೆಯ ಯಜಮಾನಿಕೆ ಕಾಕಾನದು. ವಕೀಲ. ಅತ್ಯಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ.

ಹತ್ತಿಕಟ್ಟಿಗೆಯ ಹೊಗೆಗೆ ಅತ್ಯಾನ ಕಣ್ಣು ಹೋಗುತ್ತಿತ್ತು. ಅಕ್ಕಿಯೊಳಗಿನ ಕಲ್ಲು ಕಾಣದಾಗಿತ್ತು. ಕಾಕಾ ಹುಲಿಗಿಯ ಗುಡಿಗೆ ಹೋಗಿ ಅಮ್ಮನಿಗೆ ಹರಕೆಯ ಬೆಳ್ಳಿಯ ಕಣ್ಣು ಒಪ್ಪಿಸಿ ಬಂದ. ತನ್ನ ಕರ್ತವ್ಯ ಮುಗಿಯಿತು ಎಂದುಕೊಂಡ.

ಆ ಬೇಸಿಗೆ ಅಪ್ಪ ನನ್ನ ಕೈಯಲ್ಲಿ ಸ್ಟವ್ ಕಳಿಸಿದರು, ಅಕ್ಕನಿಗೆಂದೇ. ಕಾಕಾ ಡಬ್ಬಿ ಬಿಚ್ಚಿದ, ಕೋರ್ಟಿನಲ್ಲಿ ಓದಿದಂತೆ ಕಾಗದವನ್ನು ಗಟ್ಟಿಯಾಗಿ ಓದಿದ. ಪಂಪಿನೊಳಗೆ ಲೆದರ್ ವಾಷರ್ ಇದೆ ಎಂಬ ಸಾಲಿಗೆ ಬಂದು ನಿಂತ.

"ಚರ್ಮ ಅದ ಇದರಾಗ. ಮಡಿ ಒಲಿ ಹತ್ರ ಇದು ಬರಂಗಿಲ್ಲ."

ಸ್ಟವ್ ಪಡಸಾಲೆ ಸೇರಿತು. ಕುಷ್ಟಗಿ, ಯಲಬುರ್ಗಾ ಕಡೆಯ ಕಕ್ಷಿದಾರರಿಗೆ ಅದರ ಮೇಲೆ ಚಹಾ ಆಗತೊಡಗಿತು. ಕಾಕಾನೂ ಕುಡಿಯುತ್ತಿದ್ದ.

ಅತ್ಯಾ ಒಳಗಿನಿಂದಲೇ ಅಂದಳು, "ತಮ್ಮಾ, ನಿನ್ನ ನಾಲಿಗಿಗೆ ಚರ್ಮದ ಗಾಳಿ ನಡೀತದ. ನನ್ನ ಕಣ್ಣಿಗೆ ನಡ್ಯಂಗಿಲ್ಲೇನು?"

"ಅಕ್ಕಾ, ಅದು ಹೊರಗಿನ ಮಾತು."

ಆ ಸ್ಟವ್ ಮಾಡಿದ ಎಂಜಿನಿಯರ್ ಮೇಲೂ ನನಗೆ ಸಿಟ್ಟಿದೆ. ಲೋಕದ ಒಲೆಗಳ ಮುಂದೆ ಯಾರು ಯಾರು ಕೂತಿದ್ದಾರೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದನೆ? ಆದರೆ ಅವನು ಅತ್ಯಾನ ಕಣ್ಣು ನೋಡಿರಲಿಲ್ಲ. ಕಾಕಾ ದಿನಾ ನೋಡುತ್ತಿದ್ದ.

ಕಾಗದದಲ್ಲಿ ಪಂಪನ್ನು ಸೀಳಿ ತೋರಿಸಿದ ಚಿತ್ರವಿತ್ತು. ಒಂದು ಮಧ್ಯಾಹ್ನ ಕಾಕಾ ಕೋರ್ಟಿಗೆ ಹೋದ ಮೇಲೆ ನಾನು ಅದನ್ನು ಮುಂದಿಟ್ಟುಕೊಂಡು ಅತ್ಯಾನಿಗೆ ಓದಿ ಹೇಳಿದೆ. ಚರ್ಮದ ಕೆಲಸ ಇಷ್ಟೇ: ಎಣ್ಣೆ ಕುಡಿದು ಉಬ್ಬಿ, ಗಾಳಿ ಹಿಂದೆ ಬರದಂತೆ ತಡೆಯುವುದು.

ಅತ್ಯಾ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಭಾಳ ಹೊತ್ತು ನೋಡಿದಳು. "ಉಣ್ಣಿನೂ ಎಣ್ಣಿ ಕುಡೀತದಲ್ಲ ಕೂಸ?"

ಮಡಿಗೆ ಉಡುವ ಉಣ್ಣೆಯ ಧಾಬಳಿ ಗಳುವಿನ ಮೇಲಿತ್ತು. ಉಣ್ಣೆಗೆ ಮೈಲಿಗೆಯಿಲ್ಲ. ಆಕೆಯೇ ಅಂಚು ಕತ್ತರಿಸಿ ಕೊಟ್ಟಳು. ಅದರಿಂದ ಕತ್ತರಿಸಿದ ದುಂಡು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದೆವು, ಕುಸುಬಿ ಎಣ್ಣೆಯಲ್ಲಿ ನೆನೆಹಾಕಿದೆವು. ಮೊದಲನೆಯದು ಸಡಿಲಾಯಿತು. ಎರಡನೆಯದು ಗಾಳಿ ಹಿಡಿಯಿತು. ಚರ್ಮದಷ್ಟು ಬಿಗಿಯಿರಲಿಲ್ಲ, ಆಗಾಗ ಗಾಳಿ ಹಾಕಬೇಕು, ಅಷ್ಟೇ. ಸ್ಟವ್ವಿಗೆ ನೀರು ಹಾಕಿ ತೊಳೆದು ಒಳಗೆ ಒಯ್ದೆವು. ನೀಲಿ ಉರಿ ಎದ್ದಿತು. ಅತ್ಯಾ ಹಾಲಿಟ್ಟು, ಊದುವ ಕೆಲಸವಿಲ್ಲದೆ ಕೂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ರೂಢಿ ನೋಡು, ನೀರs ಇಲ್ಲ," ಎಂದು ನಕ್ಕಳು.

ಸಂಜೆ ಕಾಕಾ ಬಂದ.

"ಚರ್ಮ ತಗದೇವಿ ಕಾಕಾ. ಈಗ ಧಾಬಳಿ ಅದ," ಎಂದೆ.

ಅವನು ಅದೇ ಕಾಗದ ಬಿಡಿಸಿ, ಅದೇ ಸಾಲಿನ ಮೇಲೆ ಬೆರಳಿಟ್ಟ. "ಕಂಪನಿಯವರು ಲೆದರ್ ಅಂತ ಬರದಾರ. ನೀ ಅವರಕಿಂತ ಶಾಣ್ಯಾಕಿ ಏನು? ಸಿಡಿದ್ರ ಯಾರು ಹೊಣಿ?"

"ಅವತ್ತು ಲೆದರ್ ಇದ್ದದ್ದಕ್ಕ ಬ್ಯಾಡ ಅಂದಿ. ಈಗ ಇಲ್ಲದ್ದಕ್ಕ ಬ್ಯಾಡ ಅಂತಿ," ಅತ್ಯಾ ಕೇಳಿದಳು. "ನನಗ ಯಾವುದಕ್ಕ ಕೊಡ್ತಿ, ಅದನ್ನರ ಹೇಳು."

ಕಾಕಾ ಪಂಪು ಬಿಚ್ಚಿದ. ಧಾಬಳಿಯ ಬಿಲ್ಲೆ ಅಂಗಳಕ್ಕೆ ಬಿತ್ತು. ಚರ್ಮ ಮತ್ತೆ ಪಂಪಿನೊಳಗೆ, ಸ್ಟವ್ ಮತ್ತೆ ಪಡಸಾಲೆಗೆ. ಸಿಡಿಯುವ ಭಯವಿದ್ದರೆ ಗಾಳಿ ಹಾಕಿ ಪರೀಕ್ಷಿಸಿ ನೋಡಬಹುದಿತ್ತು. ಅವನಿಗೆ ಭಯವಿರಲಿಲ್ಲ, ಚಹಾ ಬೇಕಿತ್ತು. ಎಲ್ಲರನ್ನೂ ಫರ್ಗಿವ್ ಮಾಡಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಈ ಒಂದು ಪಾಠ ವಯಸ್ಸಾದ ಮೇಲೂ ನನಗೆ ಹತ್ತಲಿಲ್ಲ.

ಮದುವೆಯಾಗಿ ಗದಗಕ್ಕೆ ಹೊರಡುವ ಮುನ್ನ ಅತ್ಯಾನನ್ನು ನೋಡಿದ್ದೇ ಕೊನೆ. ಕಣ್ಣು ಪೂರ್ತಿ ಹೋಗಿ ಅಡುಗೆಮನೆ ಬಿಟ್ಟಿದ್ದಳು, ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಸ್ಟವ್ ಹೊತ್ತಿಸಿದ ಸದ್ದು ಕೇಳಿತು.

"ನಮ್ಮ ಒಲಿ," ಎಂದಳು. ಮಡಿಲಲ್ಲಿದ್ದ ಹೆಬ್ಬೆರಳು ತಾನಾಗಿ ಒತ್ತುತ್ತಿತ್ತು, ಗಾಳಿ ಹಾಕುವವರ ಹಾಗೆ.

ಸ್ಟೇಷನ್ನಿಗೆ ಟಾಂಗಾ ತಿರುಗಿತು. ಅತ್ಯಾ ಕೈ ಎತ್ತಿ ಬೀಸಿದಳು, ನಾನು ಇಲ್ಲದ ದಿಕ್ಕಿಗೆ.