ಮಸ್ಸೂರಿಯಲ್ಲಿ ಸೂತಕ

ವಿನೋದಾಳ ಫೋನು ಬಂದಾಗ ವಸಂತಾ ಬಟಾಣಿ ಸುಲಿಯುತ್ತ ಕೂತಿದ್ದಳು. ವಿನೋದಾ ಅಂದರೆ ಗಂಡನ ಅಕ್ಕ, ಧಾರವಾಡದಾಕೆ. ಫೋನು ಮಾಡಿ ಕೇಳುವ ಅಭ್ಯಾಸ ಆಕೆಗಿಲ್ಲ, ಹೇಳುವ ಅಭ್ಯಾಸ ಮಾತ್ರ ಉಂಟು.

“ವಸಂತಾ, ಹೋಳಿ ಹುಣ್ಣಿಮಿ ಮುಗದ ಮ್ಯಾಲ ನಾವು ಕಾಶಿಗೆ ಬರಾಕತ್ತೇವಿ. ನಾನು, ನನ್ನ ಮಗಳ ಅತ್ತಿ-ಮಾವಾ, ಅವರ ಕಡೆಯವರು ಎಲ್ಲಾರೂ. ಶುಕ್ರವಾರ ಗಂಗಾ ಸಮಾರಾಧನಿ. ಬೀಗರು ಭಾಳ ಮಡಿ ಮಂದಿ, ಹೊರಗಿನವರ ಕೈಲೆ ಉಣ್ಣೂದಿಲ್ಲ. ನಿನ್ನ ಕೈ ಹೋಳಿಗಿ ಅಂತ ಹೇಳಿಬಿಟ್ಟೇನಿ.”

“ಬರ್ರಿ ವಿನೋದಕ್ಕಾ, ಯಾಕ ಬ್ಯಾಡಂತೀನಿ?” ಎಂದಳು ವಸಂತಾ. ದನಿಯಲ್ಲಿ ಬೆಣ್ಣೆ ಇತ್ತು. ಫೋನು ಕೆಳಗಿಟ್ಟ ಮೇಲೆ ಬಟಾಣಿಯನ್ನು ಪಕ್ಕಕ್ಕೆ ಸರಿಸಿದಳು. ಆರು ವರ್ಷ ಬೋನು ಹಿಡಿದು ಕಾದದ್ದಾಯಿತು, ಇಲಿ ಇವತ್ತು ತಾನಾಗಿಯೇ ಬಂದು ವಿಳಾಸ ಕೇಳುತ್ತಿತ್ತು.

ವಸಂತಾ ಕಾಶಿಗೆ ಬಂದದ್ದು ಪುಣ್ಯಕ್ಕಲ್ಲ, ಗಂಡನ ವರ್ಗಾವಣೆಗೆ. ಪ್ರಾಣೇಶ ಬ್ಯಾಂಕಿನವನು. ಎರಡು ವರ್ಷದ ಮಾತೆಂದು ಬಂದವರು, ಅವನಿಗೆ ಊರು ಒಗ್ಗಿ, ಮಗಳು ಕೃತಿಗೆ ಶಾಲೆ ಒಗ್ಗಿ, ಹನುಮಾನ್ ಘಾಟಿನ ಗಲ್ಲಿಯ ಬಾಡಿಗೆ ಮನೆಯಲ್ಲೇ ನಿಂತುಬಿಟ್ಟರು. ಮನೆ ಗಂಗೆಗೆ ಹತ್ತಿರ, ಅದೇ ತಪ್ಪಾಯಿತು. ಗಂಡನ ಬಳಗದಲ್ಲಿ ಯಾರ ಅಸ್ಥಿ ಹೊರಟರೂ, ಯಾರ ಶ್ರಾದ್ಧ ಬಂದರೂ ಬೀಡು ವಸಂತಾಳ ಮನೆಯಲ್ಲಿ. ಬಂದವರು ಪಾಪ ತೊಳೆದುಕೊಂಡು ಹೋಗುತ್ತಿದ್ದರು, ಅವರ ಚಾದರ ತೊಳೆಯುವುದು ಇವಳ ಪಾಲಿಗೆ ಉಳಿಯುತ್ತಿತ್ತು. ಕಾಶಿಗೆ ಬಂದರೆ ಇಷ್ಟವಾದದ್ದೊಂದನ್ನು ಬಿಡಬೇಕಲ್ಲ, ಅದಕ್ಕೆ ಹಾಗಲಕಾಯಿ ಬಿಟ್ಟು ಹೋದ ಚಾಣಾಕ್ಷರನ್ನೂ ಅವಳು ಕಂಡಿದ್ದಾಳೆ. ಇಲ್ಲಿಂದ ಅವರೆಲ್ಲ ಹರಿದ್ವಾರ, ಮಸ್ಸೂರಿ ಎಂದು ಹೊರಡುವವರು. ಇವಳು ಕಂಟೋನ್ಮೆಂಟ್ ಸ್ಟೇಶನ್ನಿನವರೆಗೆ ಹೋಗಿ ಕೈ ಬೀಸಿ ಬರುವವಳು.

ಅದಕ್ಕೆಲ್ಲ ಅವಳಿಗೆ ಸಿಟ್ಟಿರಲಿಲ್ಲ. ಹಣೆಬರಹ ಎನ್ನುತ್ತಿದ್ದಳು, ನಗುತ್ತಿದ್ದಳು. ಸಿಟ್ಟು ಇದ್ದದ್ದು ಒಂದೇ ಮಾತಿಗೆ, ಮತ್ತು ಆ ಸಿಟ್ಟು ಆರಿರಲಿಲ್ಲ.

ಆರು ವರ್ಷದ ಹಿಂದೆ ವಿನೋದಾ ಹೀಗೆಯೇ ಗುಂಪು ಕಟ್ಟಿಕೊಂಡು ಬಂದಿದ್ದಳು. ಮೂರು ದಿನ ಒಂದರ ಮೇಲೊಂದು ಕಾರ್ಯ. ವಸಂತಾ ನಸುಕಿನಲ್ಲೇ ಮಿಂದು ಮಡಿಯುಟ್ಟು ಒಲೆಯ ಮುಂದೆ ನಿಂತರೆ ಸಂಜೆಯವರೆಗೆ ಅಲ್ಲೇ. ಮಡಿಯಲ್ಲಿದ್ದವಳು ಫೋನು ಮುಟ್ಟುವಂತಿಲ್ಲ. ಮೊದಲನೆಯ ದಿನವೇ ಬಾಗಲಕೋಟೆಯಲ್ಲಿ ಅವಳ ಅವ್ವ ತೀರಿಕೊಂಡಳು. ಇಂಥ ಸುದ್ದಿಯನ್ನು ಮಗಳ ಕಿವಿಗೆ ನೇರವಾಗಿ ಹಾಕಬಾರದು, ಗಂಡನ ಬಾಯಿಂದ ಮೆಲ್ಲಗೆ ಹೇಳಿಸಬೇಕು ಎನ್ನುವುದು ರೂಢಿ. ಅದರಂತೆ ಅವಳ ಅಣ್ಣ ಶ್ರೀಕಾಂತ ಪ್ರಾಣೇಶನ ಫೋನಿಗೆ ಮಾಡಿದ. ಸುದ್ದಿ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೇಳಿದರೆ ವಸಂತಾಳಿಗೆ ಸೂತಕ. ಮದುವೆಯಾದ ಮಗಳಿಗೆ ತಾಯಿಯ ಸೂತಕ ಮೂರು ದಿನ, ಅಷ್ಟು ದಿನ ಅವಳು ಒಲೆ ಮುಟ್ಟುವಂತಿಲ್ಲ. ಅವಳು ಒಲೆ ಮುಟ್ಟದಿದ್ದರೆ ಸಮಾರಾಧನೆಯೇ ಇಲ್ಲ. ಕಿವಿಗೆ ಬೀಳದ ಸಾವಿಗೆ ಸೂತಕವೂ ಇಲ್ಲವಲ್ಲ! ಹೀಗಾಗಿ ಬಾಗಲಕೋಟೆಯಲ್ಲಿ ಅವ್ವನನ್ನು ಎತ್ತುವ ಹೊತ್ತಿಗೆ ಮಗಳು ಕಾಶಿಯಲ್ಲಿ, “ಇನ್ನೊಂದು ಹೋಳಿಗಿ ಹಾಕಲೇನ್ರಿ?” ಎಂದು ಪಂಕ್ತಿಯಲ್ಲಿ ಉಪಚಾರ ಮಾಡುತ್ತಿದ್ದಳು.

ನಾಲ್ಕನೆಯ ದಿನ ಸ್ಟೇಶನ್ನಿನಲ್ಲಿ, ರೈಲು ಅಲುಗಿದ ಮೇಲೆ, ವಿನೋದಾ ಕಿಟಕಿಯಿಂದ ಹೇಳಿದಳು: “ವಸಂತಾ, ಮನಸ್ಸು ಗಟ್ಟಿ ಮಾಡ್ಕೋ. ನಿಮ್ಮವ್ವ ಹೋಗ್ಯಾಳ. ಪ್ರಾಣೇಶ ಜಳಕಕ್ಕ ಹೋಗಿದ್ದಾ, ಫೋನ್ ನಾ ಎತ್ತಿದೆ. ದೇವರ ಕಾರ್ಯ ಕೆಡಬಾರದಂತ ಯಾರಿಗೂ ಹೇಳಲಿಲ್ಲ. ಮೂರು ದಿನಾ ಕಳದಾವ, ಸೂತಕಾ ತಾನೇ ಹೋತು. ಗಂಗಾದಾಗ ಒಂದು ಮುಳುಗು ಹಾಕು, ಮುಗೀತು.”

ಪ್ಲಾಟ್‌ಫಾರಂ ಮೇಲೆ ಅವಳಿಗಿಂತ ಮೊದಲು ಪ್ರಾಣೇಶ ಅತ್ತ. ಅವನ ಬೆನ್ನು ಸವರುವುದರಲ್ಲಿ ಅವಳಿಗೆ ತಾನು ಅಳುವುದಕ್ಕೆ ಪುರಸತ್ತಾಗಲಿಲ್ಲ. ಒಂದು ಮುಳುಗು ಹಾಕಿದಳು. ಮಗ್ಗುಲಲ್ಲೇ ಹರಿಶ್ಚಂದ್ರ ಘಾಟಿನಲ್ಲಿ ಯಾರದೋ ಚಿತೆ ಉರಿಯುತ್ತಿತ್ತು, ಅದನ್ನೇ ತನ್ನ ಅವ್ವನದೆಂದು ನೋಡಿ ಮನೆಗೆ ಬಂದಳು. ವಾರದೊಳಗೆ ಬಳಗದ ವಾಟ್ಸಾಪ್ ಗುಂಪಿಗೆ ಫೋಟೋ ಬಂತು: ಮಸ್ಸೂರಿಯ ಮಾಲ್ ರೋಡು, ಉಣ್ಣೆಯ ಟೊಪ್ಪಿಗೆ, ಕೈಯಲ್ಲಿ ಸುಟ್ಟ ಗೋವಿನಜೋಳದ ತೆನೆ, ಹಲ್ಲೆಲ್ಲ ಬಿಟ್ಟು ನಗುತ್ತಿರುವ ವಿನೋದಾ. ಆ ಫೋಟೋವನ್ನು ವಸಂತಾ ಅಳಿಸಲಿಲ್ಲ. ಸಿಟ್ಟು ಮಂದವಾದಾಗಲೆಲ್ಲ ತೆಗೆದು ನೋಡುತ್ತಿದ್ದಳು, ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಬಾಗಲಕೋಟೆಗೆ ಹೋದರೆ ಅಣ್ಣ “ಬಂದ್ಯಾ? ಕೂಡು” ಎಂದನೇ ಹೊರತು ಮತ್ತೊಂದು ಮಾತಾಡಲಿಲ್ಲ. ಅಂದಿನಿಂದಲೂ ಅಷ್ಟೇ. ದುಃಖದಲ್ಲಿದ್ದಾನೆ ಎಂದುಕೊಂಡಳು. ದುಃಖ ಇಷ್ಟು ವರ್ಷ ಮುನಿಸಿಕೊಂಡು ಕೂಡುವುದಿಲ್ಲ ಎಂದು ಆಮೇಲೆ ಅನ್ನಿಸಿತು. ಆ ಪಾಪವನ್ನೂ ವಿನೋದಾಳ ತಲೆಗೇ ಕಟ್ಟಿದಳು.

ಒಂದು ದಿನ ಗಲ್ಲಿಯ ಪುರೋಹಿತರು, ಚಂದ್ರಮೌಳೇಶ್ವರ ಭಟ್ಟರು, ಮಾತಿಗೆ ಮಾತು ಬಂದು ಹೇಳಿದರು: “ಸ್ನಾನ ಸಾಕು ಅಂತ ಯಾರಮ್ಮ ಹೇಳಿದ್ದು? ಹೆತ್ತ ತಾಯಿ ಅಲ್ಲವೇ! ಕೇಳಿದ ಗಳಿಗೆಯಿಂದ ಮೂರು ದಿನ ನೀವು ಕೂತಿರಬೇಕಿತ್ತು.” ವಸಂತಾ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಹೋಗಲಿಕ್ಕೆ ಬಿಡಲಿಲ್ಲ, ಅಳಲಿಕ್ಕೆ ಬಿಡಲಿಲ್ಲ, ಕಡೆಗೆ ಕೂಡಲಿಕ್ಕೂ ಬಿಡಲಿಲ್ಲ. ಆ ಮೂರು ದಿನ ತನಗೆ ಬರಬೇಕು, ವಿನೋದಾಳ ಎದುರಿಗೇ ಬರಬೇಕು, ನಾಲ್ಕು ಮಂದಿ ನೋಡುವಾಗಲೇ ಬರಬೇಕು ಎಂದು ಅವಳು ಅಂದೇ ನಿಶ್ಚಯಿಸಿದ್ದು. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ, ಇವಳಿಗೆ ಅದರ ಅರ್ಧಕ್ಕೇ ಯೋಗ ಕೂಡಿಬಂತು.

ಶುಕ್ರವಾರ, ಶನಿವಾರ, ರವಿವಾರ ಮಸ್ಸೂರಿಯಲ್ಲಿ. ಗುರುವಾರ ಬೆಳಗಿನ ರೈಲು.

“ಮಮ್ಮೀ, ಬುವಾ ಆ ರಹೀ ಹೈಂ, ಔರ್ ಆಪ್ ಘೂಮ್‌ನೇ?” ಎಂದು ಕೃತಿ ಕಣ್ಣರಳಿಸಿದಳು, ಸೋದರತ್ತೆ ಬರುವಾಗ ನೀವು ತಿರುಗಾಡಲಿಕ್ಕೆ ಹೊರಟಿರಾ ಎಂದು. ಕಾಲೇಜು ಓದುವ ಹುಡುಗಿ, ಕನ್ನಡ ತಿಳಿಯುತ್ತದೆ, ನಾಲಿಗೆ ಮಾತ್ರ ಹಿಂದಿಯಲ್ಲೇ ಹೊರಳುತ್ತದೆ.

“ಹೌದು. ನಾನೂ ನಿಮ್ಮಪ್ಪನೂ. ಅಪ್ಪಗ ಹೇಳಿದಿ ಅಂದ್ರ ನೋಡು. ಬುಕ್ ಮಾಡು.”

ಕೃತಿ ಫೋನಿನಲ್ಲಿ ಹುಡುಕಿ ಹುಡುಕಿ ತೋರಿಸಿದಳು. ವಸಂತಾಳಿಗೆ ಹೊಸ ಹೋಟೆಲು ಬೇಡ. ಇಂಗ್ಲಿಷರ ಕಾಲದ, ಇಳಿಜಾರು ಮಾಡಿನ, ಕಿಟಕಿ ತೆರೆದರೆ ದೂರದ ಹಿಮ ಕಾಣುವ ಮನೆಯೇ ಬೇಕು. ಸಿಕ್ಕಿತು. ಹೋಟೆಲಿನವನಿಗೆ ತಾನೇ ಫೋನು ಮಾಡಿದಳು. ಬೆಳಗಿನ ಚಹಾ ಮಾಡುವವರು ಯಾರು ಎಂದು ಹಿಂದಿಯಲ್ಲಿ ಕೇಳಿದಳು. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಹಮ್ ಹೀ ಬನಾಯೇಂಗೇ, ಮೇಡಂ,” ಎಂದ, ನಾವೇ ಮಾಡುತ್ತೇವೆ ಎಂದು. ಆ ಮಾತನ್ನು ಅವಳು ಅವನಿಂದ ಎರಡು ಸಲ ಹೇಳಿಸಿದಳು. ಶನಿವಾರ ಲ್ಯಾಂಡೌರಿನ ಹಳೇ ಇಗರ್ಜಿ, ಕ್ಯಾಮೆಲ್ಸ್ ಬ್ಯಾಕ್ ರಸ್ತೆಯಲ್ಲಿ ನಡಿಗೆ. ರವಿವಾರ ಮಾಲ್ ರೋಡು. ವಿನೋದಾ ನಿಂತ ಜಾಗದಲ್ಲೇ ನಿಲ್ಲುವುದು, ಅದೇ ತೆನೆ ಹಿಡಿಯುವುದು, ಗಂಡನನ್ನು ಮಗ್ಗುಲಿಗೆ ನಿಲ್ಲಿಸಿ ಫೋಟೋ ತೆಗೆಸಿ ಅದೇ ಗುಂಪಿಗೆ ಹಾಕುವುದು. ಎಷ್ಟು ಹಲ್ಲು ತೋರಿಸಬೇಕೆಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡಳು ಕೂಡ.

ಪ್ರಾಣೇಶನಿಗೆ ಸುಳಿವು ಕೊಡಲಿಲ್ಲ. ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಅವಳ ನಂಬಿಕೆ. ಕಡೆಗೆ ಮಾತಾಡಿದವರು ಯಾರೋ ಅವರ ಹಿಂದೆ ಹೋಗುವ ಮನುಷ್ಯ, ಆದ್ದರಿಂದ ಕಡೆಗೆ ತಾನೇ ಮಾತಾಡುವುದೆಂದು ಇಟ್ಟುಕೊಂಡಳು. ಅವನ ಸ್ವೆಟರು, ಕಿವಿ ಮುಚ್ಚುವ ಟೊಪ್ಪಿಗೆ, ಮಂಡಿನೋವಿನ ಮುಲಾಮು ಎಲ್ಲವನ್ನೂ ತನ್ನ ಸೀರೆಗಳ ನಡುವೆ ಪ್ರೀತಿಯಿಂದಲೇ ಮಡಚಿಟ್ಟಳು.

ಬುಧವಾರ ಸಂಜೆ ಬಳಗ ಬಂದಿಳಿಯಿತು. ಗುರುವಾರ ಬೆಳಿಗ್ಗೆ ಬೀಗರು, ಬೀಗಿತ್ತಿ, ಅವರ ಕಡೆಯವರು ನಡುಮನೆಯಲ್ಲಿ ಕೂತು ಕಾಫಿಗಾಗಿ ಅಡುಗೆಮನೆಯತ್ತ ನೋಡುತ್ತಿದ್ದರು. ವಿನೋದಾ ನಾಳಿನ ಅಡುಗೆಯ ಅಪ್ಪಣೆ ಕೊಡಲು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ವಸಂತಾ ಪ್ರಯಾಣದ ಸೀರೆಯುಟ್ಟು, ಸೂಟ್‌ಕೇಸು ಎಳೆಯುತ್ತ ಒಳಗಿನಿಂದ ಬಂದಳು.

“ಎಲ್ಲಿಗೆ ಹೊಂಟಿ?” ಎಂದಳು ವಿನೋದಾ.

“ಮಸ್ಸೂರಿಗೆ. ನನಗ ಸೂತಕಾ ಅದ, ವಿನೋದಕ್ಕಾ. ಒಲಿ ಮುಟ್ಟೂಹಂಗಿಲ್ಲ.”

“ಅಯ್ಯ! ಯಾರು ಹೋದ್ರು?”

“ನಮ್ಮವ್ವ.”

ಬೀಗಿತ್ತಿಯ ಕೈ ಎದೆಗೆ ಹೋಯಿತು.

“ಆರು ವರ್ಷದ ಹಿಂದ ಹೋದಳು. ಇದೇ ಮನ್ಯಾಗ ನಾ ನಿಮಗ ಹೋಳಿಗಿ ಬಡಸಾಕತ್ತಿದ್ದೆ. ಸುದ್ದಿ ಮುಚ್ಚಿಟ್ಟು ಮೂರು ದಿನಾ ನನ್ನ ಕೈಲೆ ಅಡಗಿ ಮಾಡಿಸಿದ್ರಿ, ರೈಲು ಬಿಟ್ಟ ಮ್ಯಾಲ ಹೇಳಿದ್ರಿ. ಭಟ್ಟರನ್ನ ಕೇಳೇನಿ. ಕೇಳಿದ ಗಳಿಗಿಯಿಂದ ಮೂರು ದಿನಾ ಕೂಡಬೇಕಿತ್ತಂತ. ಕೂಡಲಿಲ್ಲ. ಈಗ ಕೂಡ್ತೀನಿ, ಗುಡ್ಡದ ಮ್ಯಾಲ. ನೀವು ಟೊಪಿಗಿ ಹಾಕ್ಕೊಂಡು ನಕ್ಕಿದ್ರೆಲ್ಲಾ, ಅಲ್ಲೇ.”

ಬೀಗಿತ್ತಿ ವಿನೋದಾಳ ಕಡೆ ತಿರುಗಿದರು. “ಏನ್ರೀ, ಹೆತ್ತ ತಾಯಿ ಸತ್ತ ಸುದ್ದಿ ಮುಚ್ಚಿಟ್ಟು ಆ ಹೆಣ್ಣಮಗಳ ಕೈಲೆ ದೇವರ ಅಡಗಿ ಮಾಡ್ಸಿದ್ರಿ? ಅದನ್ನ ಉಂಡ್ರಿ?”

ವಿನೋದಾಳ ಮುಖ ಇದ್ದಿಲಾಯಿತು. ವಸಂತಾಳಿಗೆ ಆದ ಸುಖವನ್ನು ಮುಚ್ಚಿಡುವುದೇಕೆ? ಬಹಳ ಸುಖವಾಯಿತು. ಕಣ್ಣು ತುಂಬ ನೋಡಿದಳು, ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನ್ನಿಸಿತು. ಆಮೇಲೆ ಬಾಗಿಲಲ್ಲಿ ಗರ ಬಡಿದವನಂತೆ ನಿಂತಿದ್ದ ಗಂಡನಿಗೆ, “ನಡೀರಿ, ನಿಮ್ಮ ಅರಿವೀನೂ ಇದರಾಗೇ ಅವ. ಆಟೋ ಬಂದು ನಿಂತದ,” ಎಂದಳು.

ತಮ್ಮನೂ ಹೊರಟನೆಂದು ಕಂಡಾಗ ವಿನೋದಾ ಸಿಡಿದಳು.

“ಎಲ್ಲಾ ನನ್ನ ತಲೀ ಮ್ಯಾಲೇ ಯಾಕ? ಫೋನು ನಾ ಎತ್ತಿಲ್ಲ! ಅಂವಾ ಎತ್ಯಾನ, ನಿನ್ನ ಗಂಡಾ! ಅಕ್ಕಾ, ವಸಂತಾಗ ಹೇಳಬ್ಯಾಡ, ಕಾರ್ಯ ಮುಗೀಲಿ ಅಂತ ನನ್ನ ಕಿವ್ಯಾಗ ಬಂದು ಹೇಳಿದಾಂವ ಅಂವಾ. ತಮ್ಮನ ಸಂಸಾರ ಒಡೀಬಾರದಂತ ಹೆಸರು ನಾ ಹೊತಗೊಂಡೆ. ವಸಂತಾ ಬರೂದಿಲ್ಲಂತ, ಕಾಯಬ್ಯಾಡ್ರಿ, ಎತ್ರಿ ಅಂತ ನಿಮ್ಮಣ್ಣಗ ಹೇಳಿದಾಂವನೂ ಅಂವಾನೇ. ಕೇಳು ಅಂವನ್ನ!”

ವಸಂತಾ ಕೇಳಬೇಕಾಗಲಿಲ್ಲ. ಪ್ರಾಣೇಶ ಸೂಟ್‌ಕೇಸನ್ನು ನೋಡುತ್ತಿದ್ದ, ಅವಳ ಮುಖವನ್ನಲ್ಲ. ಎಳ್ಳುಕಾಳು ನೆನೆಯದ ಬಾಯಲ್ಲಿ ಇಂಥದೊಂದು ಇಷ್ಟು ವರ್ಷ ನೆನೆಯುತ್ತಿತ್ತು. “ಬಂದ್ಯಾ? ಕೂಡು” ಎಂದ ಅಣ್ಣನ ಮುಖ ಈಗ ಅವಳಿಗೆ ಅರ್ಥವಾಯಿತು.

“ಕಾಯಬ್ಯಾಡ್ರಿ ಅಂದ್ರಿ?” ಎಂದಳು, ಬಹಳ ಮೆಲ್ಲಗೆ.

“ಮನೀ ತುಂಬ ಮಂದಿ ಇತ್ತು, ವಸಂತಾ... ನೀ ಹೋಗಿ ಮುಟ್ಟೂದ್ರಾಗ ಹೆಂಗೂ... ಅಕ್ಕಗ ಅವಮಾನ ಆಗಬಾರದಂತ...”

“ನಮ್ಮಣ್ಣ ಕಾಯತಿದ್ದಾ. ಒಂದು ದಿನಾ ಕಾಯತಿದ್ದಾ. ನಾನು ನಮ್ಮವ್ವನ ಮಾರೀ ನೋಡತಿದ್ದೆ.”

ಅವನು ಏನೋ ಹೇಳಹೊರಟ, ಅವಳು ಕೇಳಲಿಲ್ಲ. ವಿನೋದಾಳ ಮೇಲೆ ಹಿಡಿದಿದ್ದ ಸಿಟ್ಟು ಈ ಸಿಟ್ಟಿನ ಮುಂದೆ ಏನೂ ಅಲ್ಲ ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಪ್ಲಾಟ್‌ಫಾರಂ ಮೇಲೆ ತಾನು ಸವರಿದ ಆ ಬೆನ್ನನ್ನು ನೆನೆದು ಕೈ ತೊಳೆದುಕೊಳ್ಳಬೇಕೆನ್ನಿಸಿತು. ಅಲ್ಲೇ ನಡುಮನೆಯಲ್ಲಿ ಸೂಟ್‌ಕೇಸು ಬಿಚ್ಚಿ ಸ್ವೆಟರು, ಟೊಪ್ಪಿಗೆ, ಮುಲಾಮು ಹೊರಗೆ ತೆಗೆದು ಕುರ್ಚಿಯ ಮೇಲಿಟ್ಟಳು. “ಕಡ್ಲಿಬ್ಯಾಳಿ ಮ್ಯಾಲಿನ ಸಾಲಿನ್ಯಾಗ ಅದ. ಮಡಿ ಉಟ್ಟು ನಿಂದರ್ರಿ, ನಿಮ್ಮಕ್ಕಗ ಅವಮಾನ ಆಗಬಾರದು,” ಎಂದು ಹೇಳಿ, ಸೂಟ್‌ಕೇಸು ಮುಚ್ಚಿ, ಗಲ್ಲಿಗಿಳಿದಳು.

ಹಿಂದೆಯೇ ಬೀಗಿತ್ತಿಯ ದನಿ ಕೇಳಿಸಿತು. “ನಮ್ಮ ಸಾಮಾನು ಕಟ್ರಿ. ಈ ಮನ್ಯಾಗ ನಾವು ನೀರೂ ಕುಡಿಯೂದಿಲ್ಲ.” ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ವಸಂತಾ ಗಂಗೆಗೆ ತುಪ್ಪದ ದೀಪ ಬಿಡುತ್ತಿದ್ದಳು. ಈಗ ತಿರುಗಿಯೂ ನೋಡಲಿಲ್ಲ. ಸೋನಾರ್‌ಪುರದ ರಸ್ತೆಯಲ್ಲಿ ನಿಂತಿದ್ದ ಆಟೋ ಹತ್ತಿ, “ಕ್ಯಾಂಟ್ ಸ್ಟೇಶನ್ ಚಲೋ, ಭಯ್ಯಾ,” ಎಂದಳು.

ರೈಲು ಹೊತ್ತಿಗೆ ಸರಿಯಾಗಿ ಹೊರಟಿತು. ಎದುರಿನ ಸೀಟು ಖಾಲಿ ಇತ್ತು. ಫೋನು ಬಡಿದುಕೊಂಡಿತು, ಪ್ರಾಣೇಶ. ಬಿಕ್ಕುತ್ತಿದ್ದ. “ವಸಂತಾ, ನಾನೂ ಹೊಂಟೇನಿ. ಅಕ್ಕನ್ನ, ಎಲ್ಲಾರನ್ನೂ ಬಿಟ್ಟು ಬಂದೇನಿ. ಗೋದೌಲಿಯಾ ಚೌಕದಾಗ ಗಾಡಿ ಸಿಕ್ಕೊಂಡಿತ್ತು, ಈಗ ಟ್ಯಾಕ್ಸಿ ಮಾಡೇನಿ. ಮುಂದಿನ ಸ್ಟೇಶನ್‌ನಾಗ ಹತ್ತತೀನಿ. ಟೀಟೀಗ ಹೇಳು, ನನ್ನ ಸೀಟು ಇಡಲಿ. ಇಷ್ಟು ಮಾಡು.” ಅವಳು ಪೂರ್ತಿ ಕೇಳಿ ಫೋನು ಇಟ್ಟಳು.

ಟಿಕೆಟ್ ನೋಡುವವನು ಬಂದ. ಕೈಯಲ್ಲಿದ್ದ ಯಂತ್ರ ನೋಡಿ, “ಪ್ರಾಣೇಶ್ ಜೀ ಆಪ್ ಕೇ ಸಾಥ್ ಹೈಂ? ಅಗಲೇ 
ಸ್ಟೇಶನ್ ಸೇ ಚಢೇಂಗೇ ಕ್ಯಾ?” ಎಂದ. ನಿಮ್ಮ ಜೊತೆಯವರು ಮುಂದಿನ ಸ್ಟೇಶನ್ನಿನಲ್ಲಿ ಹತ್ತುತ್ತಾರೆಯೇ, ಕಾಯಲೇ, ಎಂದು.

“ನಹೀಂ,” ಎಂದಳು ವಸಂತಾ. “ಉನ್ ಕಾ ಇಂತಜಾರ್ ಮತ್ ಕೀಜಿಯೇ. ವೋ ನಹೀಂ ಆಯೇಂಗೇ.”

ಕಾಯಬೇಡಿ, ಅವರು ಬರುವುದಿಲ್ಲ.

ಅವನು ತಲೆಯಾಡಿಸಿ ಗುಂಡಿ ಒತ್ತಿದ. ಬಾಗಿಲ ಬಳಿ ಚೀಲದ ಮೇಲೆ ಕೂತಿದ್ದ ಮುದುಕಿಯೊಬ್ಬಳನ್ನು ಕರೆದು ಆ ಸೀಟು ತೋರಿಸಿದ. ಮುದುಕಿ ಚೀಲ ಒಳಗೆ ತಳ್ಳಿ, ಕಾಲು ಮೇಲಿಟ್ಟು ಕೂತು, ಎದುರಿನ ಹೆಂಗಸು ಯಾಕೆ ಇದ್ದಕ್ಕಿದ್ದಂತೆ ಹೀಗೆ ಅಳತೊಡಗಿದಳೆಂದು ತಿಳಿಯದೆ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಭೋಜಪುರಿಯಲ್ಲಿ ಕೇಳಿದಳು.

“ಹಾಂ,” ಎಂದಳು ವಸಂತಾ. “ಮೇರೀ ಮಾಂ.”